ಎಳೆಯದು

ಹೇಗೆ ಶುರು ಮಾಡಲಿ? ನಮ್ಮ ರಾಜಧಾನಿ ಬಿಶ್ಕೆಕ್‌ನ ಆಸ್ಪತ್ರೆಯಿಂದ ಶುರು ಮಾಡಿದರೆ ನೀವು ಮೊದಲ ಸಾಲಿಗೇ ಎದ್ದು ಹೋಗುತ್ತೀರಿ. ಬೆಟ್ಟ, ಹಿಮ, ಕುದುರೆ ಎಂದರೆ ಸುಳ್ಳಾಗುತ್ತದೆ. ಬುರ್ಮಾಕಾನ್‌ಳ ಹಾಸಿಗೆಯಿಂದ ಕಾಣುವುದು ತುಕ್ಕು ಹಿಡಿದ ಗ್ಯಾರೇಜುಗಳು ಮಾತ್ರ.

೧
ಬುರ್ಮಾಕಾನ್‌ಳ ಎಡಸ್ತನದ ಗಡ್ಡೆ ತೆಗೆದಿದ್ದಾರೆ. ಬೇಗ ಸಿಕ್ಕಿದ ಗಡ್ಡೆ. ಆದರೆ ಕಂಕುಳಿಂದ ತೆಗೆದ ಗ್ರಂಥಿಯೊಂದರಲ್ಲಿ ಎಳ್ಳಿಗಿಂತ ಚಿಕ್ಕ ಚುಕ್ಕೆಯಿದೆ. ಕ್ಯಾನ್ಸರ್ ಅಲ್ಲಿಗೂ ಕಾಲಿಟ್ಟಿದೆ. ಇಂಥದ್ದನ್ನು ನಮ್ಮಲ್ಲಿ ರೋಗಿಗೆ ಹೇಳುವುದಿಲ್ಲ. ಸರ್ಜನ್ ಅವಳ ಸೊಸೆ ಜಿಪಾರಳನ್ನು ಕಾರಿಡಾರಿಗೆ ಕರೆದು ಹೇಳಿದರು. ಇಷ್ಟು ಚಿಕ್ಕದರಿಂದ ಬಹಳ ಜನಕ್ಕೆ ಏನೂ ಆಗುವುದಿಲ್ಲ, ಕೆಲವರಿಗೆ ಆಗುತ್ತದೆ, ಇವರು ಯಾವ ಕಡೆಯೋ ಹೇಳಲಾರೆ, ಕೀಮೋ ಬೇಕೋ ಬೇಡವೋ ನೀವೂ ಯೋಚಿಸಿ ಎಂದರು.

(ಅವರ ಬಾಯಿಗೆ ಒಂದು ಧೈರ್ಯದ ಮಾತು ಹಾಕಿದ್ದೆ. ಮಗಳಿಗೆ ಜಡೆ ಹಾಕಿ ಬಂದು ಓದಿದೆ. ಹೊಡೆದುಹಾಕಿದೆ.)

೨
ಜಿಪಾರ ಒಳಗೆ ಬಂದು, ಏನೂ ಇಲ್ಲವಂತೆ ಎಂದಳು.

"ಏನೂ ಇಲ್ದೇ ಇರೋದಕ್ಕೆ ಕಾರಿಡಾರ್ ಯಾಕೆ ಬೇಕಿತ್ತು?" ಎಂದಳು ಬುರ್ಮಾಕಾನ್.

ಈ ಡ್ರಾಫ್ಟ್ ಅಲ್ಲಿಗೇ ಸತ್ತಿತು.

೩
ಚಿಕ್ಕ ಚುಕ್ಕೆ ಎಂದು ನಿಜವನ್ನೇ ಹೇಳಬಹುದು. ಆದರೆ ತೀರಿಹೋದ ಮಾವನ ಹೆಸರು ಕಿಚಿನೆ. ಇಲ್ಲಿನ ನಮ್ಮ ಭಾಷೆಯಲ್ಲಿ ಅದರರ್ಥ 'ಚಿಕ್ಕದು'. ಮಾವನ ಹೆಸರನ್ನು ಸೊಸೆ ಬಾಯಲ್ಲಿ ತರಬಾರದು. ಹೀಗಾಗಿ ಮದುವೆಯಾದಾಗಿನಿಂದ ಜಿಪಾರಳಿಗೆ ಚಿಕ್ಕ ಬಟ್ಟಲು 'ಎಳೆಯ ಬಟ್ಟಲು', ಚಿಕ್ಕ ಚಮಚ 'ಎಳೆಯ ಚಮಚ'. ಮನೆಯವರೆಲ್ಲ ನಗುತ್ತಿದ್ದರು. ನಾಲಿಗೆ ಈಗಲೂ ಅದೇ ದಾರಿ ಹಿಡಿಯಿತು.

"ಕಂಕುಳಲ್ಲಿ ಒಂದು ಚುಕ್ಕೆ ಇತ್ತಂತೆ ಅತ್ತೆ. ತುಂಬಾ ಎಳೇದು."

ಬುರ್ಮಾಕಾನ್ ಚಹಾ ಕೆಳಗಿಟ್ಟಳು. "ಎಳೇದಾ? ಹಾಗಾದ್ರೆ ಬೆಳೆಯತ್ತೆ ಅನ್ನು."

"ಅಲ್ಲ ಅತ್ತೆ, ನಾನು ಯಾವುದಕ್ಕೆ ಎಳೇದು ಅಂತೀನಿ, ನಿಮಗೆ ಗೊತ್ತಲ್ಲ."

"ಗೊತ್ತು ಕಣೇ. ಬಟ್ಟಲು ಬೆಳೆಯಲ್ಲ. ಇದು ಬಟ್ಟಲಲ್ಲ."

೪
ಜಿಪಾರ ನನ್ನ ಮೇಲೆ ತಿರುಗಿಬಿದ್ದಳು. "ಅಕ್ಕಾ, ಮಾವನಿಗೆ ಬೇರೆ ಹೆಸರೇ ಸಿಗಲಿಲ್ವಾ ನಿಮಗೆ?"

ಬದಲಿಸಿ ನೋಡಿದೆ. ಜಿಪಾರ 'ಚಿಕ್ಕದು' ಎಂದಳು, ಅತ್ತೆ ನಕ್ಕು ರೊಟ್ಟಿ ಮುರಿದಳು. ಚುಕ್ಕೆ ಮಾತ್ರ ಇದ್ದ ಹಾಗೇ ಇತ್ತು. ಹಳೆಯ ಹೆಸರನ್ನೇ ಇಟ್ಟೆ.

೫ (ಮುಕ್ತಾಯಗಳು, ಆರಿಸಿಕೊಳ್ಳಿ)
ಬುರ್ಮಾಕಾನ್ ಕೀಮೋ ತೆಗೆದುಕೊಂಡು ಬದುಕುತ್ತಾಳೆ; ಅದಿಲ್ಲದೆಯೂ ಬದುಕುತ್ತಿದ್ದಳೋ ಏನೋ, ಯಾರಿಗೂ ತಿಳಿಯುವುದಿಲ್ಲ. ಅಥವಾ ಬೇಡವೆಂದು ಊರಿಗೆ ಹೋಗುತ್ತಾಳೆ, ದಿನಾ ಬೆಳಗ್ಗೆ ಕಂಕುಳು ಮುಟ್ಟಿ ನೋಡಿಕೊಳ್ಳುತ್ತಾಳೆ. ಬದುಕಿದರೂ ಬೆಳಗುಗಳೆಲ್ಲ ಹಾಗೇ.

ಯಾವುದೂ ಬೇಡ ಎನ್ನುತ್ತಾಳೆ ಅವಳು. ಸೊಸೆಯ ಕೈ ಹಿಡಿದುಕೊಳ್ಳುತ್ತಾಳೆ.

"ನಿನ್ನ ಮಾವನ ಹೆಸರೇ ಹೇಳಿಬಿಡು. ನಾನೂ ಒಂದಿನಾನೂ ಹೇಳಿದವಳಲ್ಲ. ನಿನ್ನ ಬಾಯಲ್ಲಾದ್ರೂ ಕೇಳ್ತೀನಿ."

ಜಿಪಾರ ಬಾಯಿ ತೆರೆದು, ನನ್ನ ಕಡೆ ನೋಡುತ್ತಾಳೆ. ಹೇಳಿದರೆ ಅದು ಚಿಕ್ಕದಾಗಿಯೇ ಇರುತ್ತದಾ ಎಂದು ಕೇಳುತ್ತಾಳೆ. ಕಥೆ ನನ್ನದೇ, ಆದರೂ ಸರ್ಜನ್‌ಗಿಂತ ಹೆಚ್ಚು ನನಗೂ ಗೊತ್ತಿಲ್ಲ. ಅವಳ ಬಾಯಿ ತೆರೆದೇ ಇದೆ. ಈ ಸಾಲಿನ ಕೊನೆಗೆ ನಾನು ಇಡಬೇಕಾದ್ದೂ ಒಂದು ಚುಕ್ಕೆಯೇ, ಎಳ್ಳಿಗಿಂತ ಚಿಕ್ಕದು, ಕೈ ಬರುತ್ತಿಲ್ಲ