ಮಾತ್ರೆಯಕ್ಕನ ಚೀಟಿಯಲ್ಲಿ ಪ್ರಶ್ನೆ ಚಿಹ್ನೆ

ಅಂಗಡಿಯ ಬಾಗಿಲು ತೆರೆದು ಇನ್ನೂ ಧೂಳು ಒರೆಸುತ್ತಿದ್ದಾಗಲೇ ದರ್ಜಿ ತಾತ ಬಾಟಲಿ ಹಿಡಿದು ಬಂದರು.

"ನಿನ್ನೆ ಸಂಜೆ ಕೊಟ್ಟೆಯಲ್ಲ ತಾಯಿ, ಇದನ್ನ ಕುಡಿಯೋದೋ, ಹಚ್ಚೋದೋ? ನಾನು ಕೇಳಬೇಕಾದ ಪ್ರಶ್ನೆನೆಲ್ಲ ಬಾಟಲಿನೇ ಕೇಳ್ತಿದೆ!"

ಬೀದಿಗೆಲ್ಲ ಮಾತ್ರೆಯಕ್ಕ ಎಂದೇ ಪರಿಚಿತಳಾದ ಔಷಧಿ ಅಂಗಡಿಯವಳು ಬಾಟಲಿ ತಿರುಗಿಸಿ ನೋಡಿದಳು. 'ನೋವಿಗೆ ಹಚ್ಚಲು ಮಾತ್ರ, ಕುಡಿಯಬಾರದು' ಎಂದಿರಬೇಕಾದ ಚೀಟಿಯ ತುಂಬ ಪ್ರಶ್ನೆ ಚಿಹ್ನೆ. ನಗಲು ಹೊರಟವಳಿಗೆ ತಟ್ಟನೆ ನೆನಪಾಯಿತು. ನಿನ್ನೆ ಟೀಚರಮ್ಮನೂ ಕಿವಿಗೆ ಹಾಕುವ ಹನಿ ಒಯ್ದಿದ್ದರಲ್ಲ! ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ.

"ರೀ, ಬೇಗ ಹೋಗಿ! ಅದನ್ನ ಕಣ್ಣಿಗೆ ಹಾಕ್ಕೊಂಡ್ರೆ ಗತಿ ಏನು?"

ಗಂಡ ಸೈಕಲ್ ಏರಿದ. ಅವನು ಬರುವವರೆಗೂ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಇನ್ನೂ ಹಾಕಿರಲಿಲ್ಲ. ಕಣ್ಣಿಗೋ ಕಿವಿಗೋ ಅಂತ ಬಾಟಲಿ ನೋಡ್ತಾ ಕೂತಿದ್ರು," ಎಂದ ಅವನು ಬೆವರು ಒರೆಸಿಕೊಳ್ಳುತ್ತ. "ಆ ಪ್ರಿಂಟರ್ ಕೆಟ್ಟಿದೆ. ಹೊಸದು ತರೋಣ ಬಿಡು."

ಮಾತ್ರೆಯಕ್ಕ ನಾದಿನಿಯನ್ನು ಕರೆಸಿದಳು. ಗ್ರಂಥಾಲಯದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದೇ ಅವಳ ಕೆಲಸ. ಬಂದವಳೇ ಅವಳು ಚೀಟಿಗಳ ಸಾಲುಗಳನ್ನು ಬರೆದಿಟ್ಟಿದ್ದ ಫೈಲ್ ತೆರೆದಳು. ಅಲ್ಲೂ ಬರೀ ಪ್ರಶ್ನೆ ಚಿಹ್ನೆ.

"ಪ್ರಿಂಟರ್ ತಪ್ಪಲ್ಲ ಅಣ್ಣ. ಅತ್ತಿಗೆ, ಇದರಲ್ಲಿ ಏನಾದ್ರೂ ಬದಲಾಯಿಸಿದ್ರಾ?"

"ಹೊಸ ಕಂಪ್ಯೂಟರ್‌ನಲ್ಲಿ ನಿನ್ನೆ ಒಂದು ಸಾಲು ಸೇರಿಸ್ದೆ ಕಣೆ. ಸೇವ್ ಮಾಡುವಾಗ ಏನೋ ಎಚ್ಚರಿಕೆ ಬಂತು. ಗಿರಾಕಿಗಳು ನಿಂತಿದ್ರು, ಓಕೆ ಒತ್ತಿ, ಚೀಟಿನೂ ನೋಡದೆ ಅಂಟಿಸಿಬಿಟ್ಟೆ."

"ಎಡವಿದ್ದು ಅಲ್ಲೇ. ಕಂಪ್ಯೂಟರ್‌ಗೆ ಅಕ್ಷರ ಅಂದ್ರೆ ಅಂಕಿ. ಯಾವ ಅಕ್ಷರಕ್ಕೆ ಯಾವ ಅಂಕಿ ಅನ್ನೋ ಲೆಕ್ಕಕ್ಕೆ ಎನ್‌ಕೋಡಿಂಗ್ ಅಂತಾರೆ. ನೀವು ಸೇವ್ ಮಾಡಿದ ಎನ್‌ಕೋಡಿಂಗ್‌ನಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಅಕ್ಷರ ಬಿಸಾಕಿ ಪ್ರಶ್ನೆ ಚಿಹ್ನೆ ಹಾಕಿದೆ. ಹೋದದ್ದು ಹೋಯ್ತು. ಹಳೇ ಪ್ರತಿ ಇದೆಯಾ?"

ಪುಣ್ಯಕ್ಕೆ ಪೆನ್‌ಡ್ರೈವ್‌ನಲ್ಲಿ ಒಂದಿತ್ತು. ನಾದಿನಿ ಅದನ್ನು ತೆರೆದು, ಹೊಸ ಸಾಲನ್ನು ಮತ್ತೆ ಸೇರಿಸಿ, 'ಸೇವ್ ಆ್ಯಸ್' ಒತ್ತಿ, ಕೆಳಗೆ ಎನ್‌ಕೋಡಿಂಗ್ ಎಂದಿದ್ದಲ್ಲಿ ಕನ್ನಡಕ್ಕೂ ಜಾಗವಿರುವ 'ಯುಟಿಎಫ್-8' ಆರಿಸಿದಳು. ಚೀಟಿ ಮುದ್ರಿಸಿದರೆ ಈ ಸಲ ಪ್ರಶ್ನೆ ಚಿಹ್ನೆ ಇಲ್ಲ; ತಲೆಬುಡವಿಲ್ಲದ ವಿಚಿತ್ರ ಅಕ್ಷರಗಳು!

"ನಾನು ಹೇಳಲಿಲ್ವಾ? ಪ್ರಿಂಟರೇ!" ಎಂದು ಗಂಡ ಮೀಸೆ ತಿರುವಿದ.

"ತಾಳು ಅಣ್ಣ. ಫೈಲ್ ಸರಿಯಿದೆ, ಓದೋ ರೀತಿ ತಪ್ಪಿದೆ. ಚೀಟಿ ಮುದ್ರಿಸೋ ಪ್ರೋಗ್ರಾಂ ಹಳೇದು. ಕಂಪ್ಯೂಟರ್‌ನ ಭಾಷೆ-ಪ್ರದೇಶದ ಸೆಟ್ಟಿಂಗ್ ಹೇಗೆ ಹೇಳುತ್ತೋ ಹಾಗೇ ಓದುತ್ತೆ. ಹಳೇ ಕಂಪ್ಯೂಟರಿನಲ್ಲಿ ಅದು ಸರಿಯಿತ್ತು, ಈ ಹೊಸದರಲ್ಲಿ ಇಲ್ಲ."

ಆ ಸೆಟ್ಟಿಂಗ್‌ನಲ್ಲಿ 'ಸಿಸ್ಟಂ ಲೊಕೇಲ್' ಹುಡುಕಿ, ಅಲ್ಲೂ ಯುಟಿಎಫ್-8ಕ್ಕೆ ಗುರುತು ಹಾಕಿ, ಕಂಪ್ಯೂಟರನ್ನು ಆಫ್ ಮಾಡಿ ಮತ್ತೆ ಚಾಲೂ ಮಾಡಿದಳು. ಬಿಲ್ಲಿನ ಪ್ರೋಗ್ರಾಂ ಈ ಬದಲಾವಣೆಗೆ ಮುನಿಸಿಕೊಂಡಿಲ್ಲ ತಾನೇ ಎಂದು ಅದನ್ನೂ ನಡೆಸಿ ನೋಡಿದಳು. ಆಮೇಲೆ ಚೀಟಿ ಹೊರಬಂತು. ದರ್ಜಿ ತಾತ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಹಚ್ಚಲು ಮಾತ್ರ."

ಮಾತ್ರೆಯಕ್ಕನಿಗೆ ಈಗ ಉಸಿರು ಬಂತು. ಪ್ರತಿಯೊಂದು ಚೀಟಿಯನ್ನೂ ತಾನೇ ಓದಿ ನೋಡಿಯೇ ಬಾಟಲಿಗೆ ಅಂಟಿಸತೊಡಗಿದಳು.

ಗಂಡ ಮಾತ್ರ ಏನೋ ಯೋಚಿಸುತ್ತ ನಿಂತಿದ್ದ. ಆಮೇಲೆ ಮೆಲ್ಲಗೆ ಹೇಳಿದ: "ನಾನೊಂದು ನಾಟಕ ಬರೆದಿದ್ದೆನಲ್ಲೇ ತಂಗಿ, ಅದೂ ಆಗಿನ ಚೀಟಿ ಹಾಗೇ ವಿಚಿತ್ರವಾಗಿ ಕಾಣುತ್ತೆ. ಕೆಟ್ಟುಹೋಯ್ತು ಅಂತ ಕೈಬಿಟ್ಟಿದ್ದೆ."

"ಆ ಅಕ್ಷರಗಳ ಮೇಲೆ ಮತ್ತೆ ಸೇವ್ ಮಾಡಿಲ್ಲ ತಾನೆ?"

"ಮುಟ್ಟೇ ಇಲ್ಲ."

ಸರಿಯಾದ ಎನ್‌ಕೋಡಿಂಗ್ ಆರಿಸಿ ನಾದಿನಿ ಫೈಲ್ ತೆರೆದಾಗ ನಾಟಕವೆಲ್ಲ ಕಣ್ಣೆದುರು ಬಂತು. ಅವನು ಸ್ಟೂಲ್ ಎಳೆದುಕೊಂಡು ಮೊದಲ ದೃಶ್ಯವನ್ನು ಹೆಂಡತಿಗೆ ಓದಿ ಹೇಳತೊಡಗಿದ. ಗಿರಾಕಿಗಳೂ ನಿಂತು ಕೇಳಿದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಂಪ್ಯೂಟರ್‌ನಲ್ಲೂ ಕನ್ನಡ ಕೆಟ್ಟು ಕಂಡರೆ ಗಾಬರಿಯಾಗಬೇಡಿ, ಅದರ ಮೇಲೆ ಸೇವ್ ಮಾಡಲೂ ಬೇಡಿ. ಮೊದಲು ಎನ್‌ಕೋಡಿಂಗ್ ನೋಡಿ. ಎಚ್ಚರಿಕೆ ಬಂದರೆ ಓದದೆ ಓಕೆ ಒತ್ತಬೇಡಿ. ಬರೆದದ್ದನ್ನು ಯುಟಿಎಫ್-8ರಲ್ಲೇ ಉಳಿಸಿ, ಇನ್ನೊಂದು ಪ್ರತಿ ಬೇರೆ ಕಡೆ ಇಡಿ. ಇವತ್ತೇ ಒಂದು ಫೈಲ್ ತೆರೆದು ನೋಡಿ. ಪಕ್ಕದ ಮನೆಯವರಿಗೂ ತೋರಿಸಿಕೊಡಿ.