ಒಲೆ ಹಚ್ಚದ ಪುಡ್ಡಿಂಗು

ಸೋಮವಾರ ಬೆಳಿಗ್ಗೆ ಖಾನಾಪುರದಿಂದ ಬೀಗತಿ ಮಾಯಕ್ಕನ ಫೋನು ಬಂತು. ನನ್ನ ಮೊಮ್ಮಗಳು ಪೂನಮ ಅವಳ ಸೊಸೆ. ಮೂರು ತಿಂಗಳ ಬಸುರಿ.

“ಚಂದ್ರವ್ವಾರ, ನಿಮ್ಮ ಹುಡುಗಿ ಏನೂ ತಿನ್ನವಲ್ಲಳ್ರಿ. ಒಲಿ ಹಚ್ಚಿದ್ರ ಸಾಕು, ಮೂಗ ಮುಚ್ಚಿಕೊಂಡು ಹಿತ್ತಲಕ ಓಡತಾಳ. ಅನ್ನ ಬ್ಯಾಡ, ರೊಟ್ಟಿ ಬ್ಯಾಡ. ನಮ್ಮ ಎಮ್ಮಿ ಈದೈತಿ, ಗಿಣ್ಣ ಮಾಡಿದೆ. ಅದರ ವಾಸನಿಗೆ ಎರಡ ಸಲ ಕಾರಿಕೊಂಡ್ಲು.”

“ಡಾಕ್ಟರ್ ಏನಂದ್ರು?”

“ಮೂರ ಕಿಲೋ ಇಳದಾಳ. ಗುರುವಾರ ಮತ್ತ ತೂಕ ಮಾಡತಾರಂತ. ಇನ್ನೂ ಇಳದಿದ್ರ ಬೆಳಗಾಂವಿ ದವಾಖಾನ್ಯಾಗ ಮಲಗಿಸಿ ಸಲಾಯಿನ್ ಹಚ್ಚಬೇಕಂತ. ಹೋದ ವರ್ಷ ಹಂಗ ಮಲಗಿಸಿದಾಗಲೇ ಒಂದು ಬಸುರು ಹೋತಲ್ರಿ. ಅದನ್ನ ನೆನಸಿ ಅಳಕೋಂತ ಕುಂತಾಳ. ದವಾಖಾನಿಗೆ ಬರಂಗಿಲ್ಲ ಅಂತಾಳ, ಊಟಾನೂ ಮಾಡಂಗಿಲ್ಲ. ನಾ ಏನ ಮಾಡ್ಲಿ?”

ಫೋನಿಟ್ಟು ಯೋಚನೆಗೆ ಬಿದ್ದೆ. ಒಲೆಯ ವಾಸನೆಯೇ ಆಗದವಳಿಗೆ ಒಲೆ ಹಚ್ಚದೆ ಮಾಡುವಂಥದ್ದು ಏನಿದೆ? ಅವಲಕ್ಕಿ, ಬಾಳೆಹಣ್ಣು, ಮೊಸರು ಎಲ್ಲವನ್ನೂ ಮಾಯಕ್ಕ ಕೊಟ್ಟು ನೋಡಿದ್ದಳು. ಆಗ ನಮ್ಮ ಮಾಳಿಗೆ ಮನೆಯ ಸಮೃದ್ಧಿ ನೆನಪಾದಳು. ಬೆಳಗಾವಿಯ ಶಿವಬಸವ ನಗರದ ಈ ಮನೆಗೆ ಅವಳು ಬಾಡಿಗೆಗೆ ಬಂದು ಎಂಟು ತಿಂಗಳಾಯಿತು. ಸಾಲೆಯಲ್ಲಿ ಆಟ ಕಲಿಸುತ್ತಾಳೆ. ದಿನಾ ಮುಂಜಾನೆ ಮೆಟ್ಟಿಲ ಮೇಲೆ ನಿಂತು ಗಾಜಿನ ಬಾಟಲಿಯಿಂದ ಏನನ್ನೋ ಚಮಚೆಯಲ್ಲಿ ತೋಡಿ ತಿನ್ನುತ್ತಾಳೆ. ಅವಳ ಅಡುಗೆಮನೆಯಿಂದ ಮಾತ್ರ ಎಂದೂ ಹೊಗೆಯಿಲ್ಲ, ಒಗ್ಗರಣೆಯ ಚಟಪಟವಿಲ್ಲ. ಅದೇನೆಂದು ಕೇಳಬೇಕೆಂದು ಎಂಟು ತಿಂಗಳಿಂದ ಅಂದುಕೊಂಡಿದ್ದೆ. ಈಗ ಕೇಳಿದೆ.

“ಚಿಯಾ ಪುಡ್ಡಿಂಗು, ಅಜ್ಜಿ. ಚಿಯಾ ಬೀಜ, ಹಾಲು, ಒಂಚೂರು ಬೆಲ್ಲ. ನೆನಿ ಇಟ್ಟರ ತಾನಽ ಗಟ್ಟಿ ಆಗತೈತಿ.”

“ತಾನಽ? ಹಬಿ ಇಲ್ಲದ?”

“ಹಬಿ ಇಲ್ಲ, ಬೆಂಕಿ ಇಲ್ಲ. ಒಣಾದು ಮಾತ್ರ ಬಾಯಾಗ ಹಾಕಬ್ಯಾಡ್ರಿ ಮತ್ತ, ಗಂಟಲದಾಗ ಉಬ್ಬತೈತಿ. ಪೂರಾ ನೆನೀಬೇಕು.” ಅವಳಿಗೆ ಸಾಲೆಗೆ ಹೊತ್ತಾಗಿತ್ತು. ಅರ್ಧ ಡಬ್ಬಿ ಬೀಜ ನನ್ನ ಕೈಗಿಟ್ಟು ಸ್ಕೂಟಿ ಹತ್ತಿದಳು.

ಪೂನಮಳ ಗಂಡ ಲಕ್ಷ್ಮಣನಿಗೆ ಹೇಳಿ ಡಾಕ್ಟರನ್ನು ಕೇಳಿಸಿದೆ. ಚೆನ್ನಾಗಿ ನೆನೆದದ್ದಾದರೆ ಸ್ವಲ್ಪ ಸ್ವಲ್ಪ ತಿನ್ನಲಿ ಎಂದರಂತೆ.

ಬೀಜಗಳನ್ನು ಅಂಗೈಯಲ್ಲಿ ಹಾಕಿಕೊಂಡು ಕಿಟಕಿಯ ಬಳಿ ಹೋದೆ. ದೂರಕ್ಕೆ ಬೂದಿಯ ಬಣ್ಣ. ಕಣ್ಣ ಹತ್ತಿರ ತಂದರೆ ಒಂದೊಂದರ ಮೈಮೇಲೂ ಗೆರೆ, ಚುಕ್ಕೆ. ಹತ್ತು ಬೀಜಗಳ ಮೇಲೆ ನೀರಿನ ಹನಿ ಬಿಟ್ಟು ನೋಡುತ್ತ ನಿಂತೆ. ಮೊದಲಿಗೆ ಏನೂ ಕಾಣಲಿಲ್ಲ. ಆಮೇಲೆ ಪ್ರತಿಯೊಂದು ಬೀಜದ ಸುತ್ತ ತೆಳ್ಳನೆಯ ಗಾಜಿನಂಥ ಕವಚ ಬೆಳೆಯತೊಡಗಿತು. ಇಷ್ಟು ಸಣ್ಣ ಜೀವ ಇಷ್ಟೊಂದು ನೀರನ್ನು ಎಲ್ಲಿ ಹಿಡಿದಿಟ್ಟುಕೊಳ್ಳುತ್ತದೆ?

ಒಂದು ಬಟ್ಟಲು ಹಾಲಿಗೆ ಎರಡು ಚಮಚೆ ಬೀಜ ಹಾಕಿ, ಒಮ್ಮೆ ಕಲಕಿ, ತಟ್ಟೆ ಮುಚ್ಚಿದೆ. ನಾವು ಕುರಿ, ಎಮ್ಮೆ ಸಾಕಿದ ಮನೆತನದವರು. ಈದ ಎಮ್ಮೆಯ ಮೊದಲ ಹಾಲಿಗೆ ಬೆಲ್ಲ ಹಾಕಿ ಹಬೆಯಲ್ಲಿಟ್ಟರೆ ಗಿಣ್ಣ ಗಟ್ಟಿಯಾಗುತ್ತದೆ. ಹಬೆಗಿಟ್ಟ ಪಾತ್ರೆಯನ್ನು ಮುಟ್ಟಬಾರದು, ಅಲುಗಿಸಬಾರದು. ಅಲುಗಿದರೆ ಗಿಣ್ಣ ಒಡೆದು ನೀರು ಬಿಡುತ್ತದೆ. ಚಿಕ್ಕವರಿದ್ದಾಗ ಗಿಣ್ಣ ಇಳಿಯುವವರೆಗೆ ನಮ್ಮವ್ವ ನಮ್ಮನ್ನೆಲ್ಲ ಅಂಗಳಕ್ಕೆ ಅಟ್ಟುತ್ತಿದ್ದಳು. ಹಾಲು ಗಟ್ಟಿಯಾಗಬೇಕಾದರೆ ಅದನ್ನು ಅದರ ಪಾಡಿಗೆ ಬಿಡಬೇಕು ಎನ್ನುವುದು ನನ್ನ ಕೈಗೆ ಅಂಟಿದ ತಿಳಿವಳಿಕೆ. ಹಾಗಾಗಿ ಬಟ್ಟಲಿನ ಹತ್ತಿರವೂ ಸುಳಿಯಲಿಲ್ಲ.

ಎರಡು ತಾಸಿನ ಮೇಲೆ ತೆಗೆದರೆ ಮೇಲೆ ನೀರು ನೀರಾದ ಹಾಲು, ತಳದಲ್ಲಿ ಕಲ್ಲಿನಂಥ ಉಂಡೆ. ಉಂಡೆ ಒಡೆದರೆ ಒಳಗಿನ ಬೀಜ ಇನ್ನೂ ಒಣ ಒಣ. ಬೀಜ ಹೆಚ್ಚಾಯಿತೇನೋ ಎಂದು ಮಧ್ಯಾಹ್ನ ಅರ್ಧಕ್ಕೆ ಇಳಿಸಿ ಮಾಡಿದೆ. ಈ ಸಲ ಸಣ್ಣ ಉಂಡೆ, ಅಷ್ಟೇ. ಸಮೃದ್ಧಿಯನ್ನು ಕೇಳೋಣವೆಂದರೆ ಅವಳು ಸಾಲೆಯ ಮಕ್ಕಳನ್ನು ಕರೆದುಕೊಂಡು ಪರವೂರಿನ ಪಂದ್ಯಕ್ಕೆ ಹೋದವಳು ಫೋನೇ ಎತ್ತಲಿಲ್ಲ.

ಮಂಗಳವಾರ ಖಾನಾಪುರಕ್ಕೆ ಹೊರಟುಬಿಟ್ಟೆ. ನೆನೆಯಲು ಹೊತ್ತು ಬೇಕಲ್ಲ, ದಾರಿಯಲ್ಲೇ ನೆನೆಯಲಿ ಎಂದು ತಣ್ಣನೆಯ ಹಾಲಿಗೆ ಬೀಜ ಹಾಕಿ ಬಿಗಿ ಮುಚ್ಚಳದ ಸ್ಟೀಲಿನ ಡಬ್ಬಿಯಲ್ಲಿಟ್ಟುಕೊಂಡೆ. ಬಸ್ಸಿನಲ್ಲಿ ಅದನ್ನು ಎರಡೂ ಕೈಯಿಂದ ಹಿಡಿದು, ತೊಡೆಗೆ ತಾಗದಂತೆ ಎತ್ತಿಕೊಂಡೇ ಕುಳಿತೆ. ರಸ್ತೆಯ ಪ್ರತಿ ಉಬ್ಬಿಗೂ ಡಬ್ಬಿ ಕುಣಿಯುತ್ತಿತ್ತು. ಪಕ್ಕದಲ್ಲಿದ್ದ ನಂದಗಡದ ಹೆಣ್ಣುಮಗಳು ನನ್ನನ್ನೇ ನೋಡುತ್ತಿದ್ದಳು.

“ಅಜ್ಜಿ, ಡಬ್ಬಿಯಾಗ ಏನ ಐತ್ರಿ, ಹಾವು?”

“ಗಿಣ್ಣ ಇದ್ದಂಗ ಒಂದು. ಅಲುಗಬಾರದು.”

“ಅಲುಗಬಾರದಂದ್ರ ಬಸ್ ಯಾಕ ಹತ್ತಿದ್ರಿ? ನಡಕೋಂತ ಹೋಗಬೇಕಿತ್ತು!”

ಇಳಿಯುವ ಹೊತ್ತಿಗೆ ಆಸೆ ಬಿಟ್ಟಿದ್ದೆ. ಮಾಯಕ್ಕನ ಅಡುಗೆಮನೆಯಲ್ಲಿ ಮುಚ್ಚಳ ತೆಗೆದರೆ ಉಂಡೆ ಇಲ್ಲ, ನೀರಿಲ್ಲ. ಮೇಲಿಂದ ಕೆಳಗಿನವರೆಗೂ ಒಂದೇ ಸಮ, ನಡುನಡುವೆ ಸಣ್ಣ ಚುಕ್ಕೆ ತೇಲಿಬಿಟ್ಟಂತೆ. ಚಮಚೆ ಓರೆಯಾಗಿ ನಿಂತಿತು.

“ಇದೇನ್ರಿ ಬೀಗತಿ, ಬಸುರಿಗೆ ಕಪ್ಪಿ ತತ್ತಿ ತಂದೀರಿ?” ಎಂದಳು ಮಾಯಕ್ಕ.

ನಾನು ಕೇಳಿಸಿಕೊಳ್ಳಲಿಲ್ಲ. ಅದೇ ಬೀಜ, ಅದೇ ಹಾಲು, ಅದೇ ಕೈ. ನಿನ್ನೆಗೂ ಇವತ್ತಿಗೂ ನಡುವೆ ಬಂದದ್ದು ರಸ್ತೆ ಒಂದೇ.

“ಮಾಯಕ್ಕ, ಇದು ಅಲುಗಿದ್ದಕ್ಕಽ ಕೂಡೇತಿ!”

“ಹುಚ್ಚು ಹಿಡದೈತೇನ್ರಿ? ಅಲುಗಿದ್ರ ಹೆಂಗ ಕೂಡತೈತಿ? ಗಿಣ್ಣ ಮುಟ್ಟಿ ನೋಡ್ರಿ, ಏನಾಗತೈತಿ.”

“ಗಿಣ್ಣ ಮುಟ್ಟಿದ್ರ ಕೆಡತೈತಿ. ಇದು ಮುಟ್ಟದಿದ್ರ ಕೆಡತೈತಿ.”

ಅವಳು ನಂಬಲಿಲ್ಲ. ನನಗೂ ಪೂರ್ತಿ ನಂಬಿಕೆಯಿರಲಿಲ್ಲ. ಎರಡು ಲೋಟದಲ್ಲಿ ನೀರು, ಬೀಜ ಹಾಕಿ, ಒಂದನ್ನು ಆಗಾಗ ಕಲಕುತ್ತ, ಇನ್ನೊಂದನ್ನು ಮುಟ್ಟದೆ ಇಬ್ಬರೂ ಎದುರು ಕುಳಿತೆವು. ಕಾಲು ತಾಸಿನಲ್ಲೇ ಗೊತ್ತಾಯಿತು. ಮುಟ್ಟದ ಲೋಟದ ಬೀಜಗಳು ತಳಕ್ಕಿಳಿದು ಒಂದನ್ನೊಂದು ತಬ್ಬಿಕೊಂಡಿದ್ದವು. ಒಳಗಿನವಕ್ಕೆ ನೀರೇ ಸಿಕ್ಕಿರಲಿಲ್ಲ. ಕಲಕಿದ ಲೋಟದಲ್ಲಿ ಉಂಡೆಯೇ ಇರಲಿಲ್ಲ. ಮಾಯಕ್ಕ ಆ ಲೋಟವನ್ನು ಬೆಳಕಿಗೆ ಹಿಡಿದು, “ಖರೇನ ಐತಿ ನೋಡು,” ಎಂದಳು, ಯಾರಿಗೋ ಹೇಳುವಂತೆ.

ಖುಷಿಯಿಂದ ಡಬ್ಬಿ ಹಿಡಿದು ಪಡಸಾಲೆಗೆ ಹೋದೆ. ಪೂನಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೈಬಳೆಗಳು ಮೊಣಕೈವರೆಗೂ ಜಾರುವಷ್ಟು ಸೊರಗಿದ್ದಳು. ತಿರುಗಿ ಚಮಚೆ ನೋಡಿದಳು, ಮೂಸಿದಳು.

“ಅಜ್ಜಿ… ಹಾಲು…” ಎಂದವಳೇ ಹಿತ್ತಲಿಗೆ ಓಡಿದಳು.

ಡಬ್ಬಿ ಹಿಡಿದು ನಿಂತೇ ಇದ್ದೆ. ಹೇಗೆ ಗಟ್ಟಿಯಾಗುತ್ತದೆ ಎನ್ನುವುದರ ಹಿಂದೆ ಬಿದ್ದು, ತಿನ್ನುವವಳಿಗೆ ಹಾಲು ಆಗದು ಎನ್ನುವುದನ್ನೇ ಮರೆತಿದ್ದೆ.

“ಕುಂದರ್ರಿ,” ಎಂದಳು ಮಾಯಕ್ಕ. “ನನ್ನ ಗಿಣ್ಣಕ್ಕೂ ಹಿಂಗಽ ಮಾಡಿದ್ಲು. ಈಗ ನಾವಿಬ್ಬರೂ ಸಮ ಆದ್ವಿ.”

ಪೂನಮ ಬಾಯಿ ತೊಳೆದುಕೊಂಡು ಬಂದು ನನ್ನ ತೊಡೆಗೆ ತಲೆಯಿಟ್ಟಳು. “ನಾ ಬೇಕಂತ ಮಾಡಂಗಿಲ್ಲ ಅಜ್ಜಿ. ಇದೂ ಹೋದ್ರ…”

“ಗೊತ್ತೈತಿ. ಏನ ತಿಂತಿ ಅಂತ ಎಲ್ಲಾರೂ ಕೇಳ್ಯಾರ, ನಾ ಕೇಳಂಗಿಲ್ಲ. ಯಾವ ವಾಸನಿ ಆಗತೈತಿ, ಅದನ್ನಷ್ಟ ಹೇಳು. ತಿನ್ನೂದು ಬ್ಯಾಡ, ಬರೇ ವಾಸನಿ.”

ಹಾಗೆ ಅವಳನ್ನು ಯಾರೂ ಕೇಳಿರಲಿಲ್ಲ. ಕಣ್ಣು ಮುಚ್ಚಿ ನೆನಪಿಸಿಕೊಂಡಳು.

“ಆಮಸೋಲದ ಡಬ್ಬಿ ತಗದಾಗ ಒಂದು ವಾಸನಿ ಬರತೈತಲಾ… ಅದು ಆಗತೈತಿ. ಮತ್ತ ಹಸಿ ಕೊಬ್ಬರಿದು.”

ಆಮಸೋಲವೆಂದರೆ ಒಣಗಿಸಿದ ಹುಳಿ ಮುರುಗಲ ಹಣ್ಣಿನ, ಅಂದರೆ ಪುನರ್ಪುಳಿಯ, ಸಿಪ್ಪೆ. ಖಾನಾಪುರದ ಕಾಡಿನ ಕಡೆ ಅದಿಲ್ಲದ ಮನೆಯಿಲ್ಲ. ಅದರ ನೀರಿಗೆ ಕೊಬ್ಬರಿ ಹಾಲು ಬೆರೆಸಿದರೆ ಸೋಲಕಡಿ.

“ಸೋಲಕಡಿ ಕುಡದ್ರ ಹೊಟ್ಟಿ ತುಂಬತೈತೇನ? ನೀರ ಅದು,” ಎಂದಳು ಮಾಯಕ್ಕ.

“ನೀರ ಹಿಡಿಯೂ ಬೀಜ ನನ್ನ ಕಡೆ ಐತ್ರಿ.”

ಅವಳು ಎದ್ದು ತೆಂಗಿನಕಾಯಿ ಒಡೆದಳು.

ಆಮಸೋಲ ತಣ್ಣೀರಿನಲ್ಲಿ ನೆಂದು ಕೆಂಪು ಬಿಟ್ಟಿತು. ಕೊಬ್ಬರಿ ರುಬ್ಬಿ ಹಿಂಡಿದೆವು. ಬೆಳ್ಳುಳ್ಳಿ ಬೇಡ, ಮೆಣಸಿನಕಾಯಿ ಬೇಡ. ಒಂದಿಷ್ಟು ಬೆಲ್ಲ, ಚಿಟಿಕೆ ಉಪ್ಪು. ಎರಡೂ ಕೂಡಿದಾಗ ಎಳೆ ಗುಲಾಬಿ ಬಣ್ಣ ಬಂತು. ಹುಳಿಯಲ್ಲಿ ಈ ಬೀಜ ಉಬ್ಬುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಬೀಜ ಹಾಕಿ ಮುಚ್ಚಳ ಬಿಗಿದು ಡಬ್ಬಿಯನ್ನು ಮಾಯಕ್ಕನ ಕೈಗೆ ಕೊಟ್ಟೆ. ಅವಳು ಸೆರಗು ಸಿಕ್ಕಿಸಿ ಅಲ್ಲಾಡಿಸತೊಡಗಿದಳು.

“ಎಷ್ಟೊತ್ತು ಅಲ್ಲಾಡಸ್ಲಿ?”

“ಬೆಳಗಾಂವಿಯಿಂದ ಖಾನಾಪುರ ಬರೂತನಕ.”

“ನಿಮ್ಮ ಬಸ್ ಕೆಟ್ಟು ನಿಲ್ಲಲಿ!” ಎಂದು ನಕ್ಕಳು. ಒಳಗೆ ಪೂನಮಳೂ ಸಣ್ಣಗೆ ನಕ್ಕದ್ದು ಕೇಳಿಸಿತು.

ಒಂದೂವರೆ ತಾಸು ನೀರಿನ ಕೊಡದ ಬದಿಗೆ ತಂಪಿನಲ್ಲಿಟ್ಟು, ನಡುನಡುವೆ ಅಲ್ಲಾಡಿಸಿ, ಕೊನೆಗೆ ತೆಗೆದೆವು. ಹುಳಿಯಲ್ಲೂ ಕೂಡಿತ್ತು. ಪೂನಮ ಬಟ್ಟಲನ್ನು ಮೂಗಿನ ಹತ್ತಿರ ತಂದಳು. ದೂರ ಸರಿಸಲಿಲ್ಲ. ಒಂದು ಚಮಚೆ ಬಾಯಲ್ಲಿಟ್ಟುಕೊಂಡು ನಮ್ಮಿಬ್ಬರತ್ತ ತಿರುಗಿದಳು.

“ಹಿಂಗ ನನ್ನ ಮಾರಿನಽ ನೋಡಕೋಂತ ಕುಂತರ ನಾ ಹೆಂಗ ತಿನ್ನಲಿ? ಆ ಕಡೆ ತಿರಗ್ರಿ ಇಬ್ಬರೂ.”

ಬೀಗತಿಯರಿಬ್ಬರೂ ಗೋಡೆಗೆ ಮುಖ ಮಾಡಿ ಕುಳಿತೆವು. ಬೆನ್ನ ಹಿಂದೆ ಚಮಚೆ ಬಟ್ಟಲಿಗೆ ತಾಗುವ ಸದ್ದು. ನಿಂತಿತು. ಮಾಯಕ್ಕ ನನ್ನ ಕೈ ಹಿಡಿದಳು. ಮತ್ತೆ ತಾಗಿತು. ಅರ್ಧ ತಾಸು ಕಳೆದರೂ ಅವಳು ಹಿತ್ತಲಿಗೆ ಓಡಲಿಲ್ಲ.

ಬುಧವಾರ ನಾಲ್ಕು ಸಲ ಕೊಟ್ಟೆವು. ಒಮ್ಮೆ ಕಾರಿದಳು, ಮೂರು ಸಲ ಉಳಿಯಿತು. ಗುರುವಾರ ಲಕ್ಷ್ಮಣನ ಜೊತೆ ಎಲ್ಲರೂ ಡಾಕ್ಟರ ಹತ್ತಿರ ಹೋದೆವು. ಪೂನಮ ಚಪ್ಪಲಿ ಬಿಟ್ಟು ತೂಕದ ಯಂತ್ರ ಹತ್ತಿದಳು, ಕೆಳಗೆ ನೋಡಲಿಲ್ಲ.

“ಇಳದಿಲ್ಲ,” ಎಂದರು ಡಾಕ್ಟರ್. “ಇನ್ನೂರು ಗ್ರಾಂ ಏರೇತಿ.”

ಅವಳು ಇಳಿದಳು. ಯಾರನ್ನೂ ಕೇಳದೆ ಮತ್ತೆ ಹತ್ತಿ, ಈ ಸಲ ಬಗ್ಗಿ ತಾನೇ ಓದಿಕೊಂಡಳು.

“ಹಂಗಾರ ಮನೀಗೇ ಹೋಗೂದಲ್ರಿ?”

“ಮನೀಗೇ ನಡೀರಿ. ಮುಂದಿನ ವಾರ ಬರ್ರಿ.”

ಪೂನಮ ಚಪ್ಪಲಿ ಮೆಟ್ಟುವುದನ್ನೂ ಮರೆತು ಬಾಗಿಲ ಕಡೆ ನಡೆದಳು. ಮಾಯಕ್ಕ ಚಪ್ಪಲಿಗಳನ್ನು ಎತ್ತಿಕೊಂಡು ಅವಳ ಹಿಂದೆ ಓಡಿದಳು.