ಹನ್ನೊಂದು ಮೂವತ್ತೆರಡರ ಬರಹ

ಶರಣಬಸವ ತೀರಿಕೊಂಡು ಎಂಟು ತಿಂಗಳಾಗಿತ್ತು. ಮಕ್ತಲ್‌ನ ಆ ಮನೆಗೆ ಯಾರೇ ಬರಲಿ, ಅವನ ತಾಯಿ ಶಂಕ್ರಮ್ಮ ತಪ್ಪದೆ ಒಂದು ಮಾತು ಹೇಳುತ್ತಿದ್ದಳು. "ನನ್ನ ಮಗ ಹೆಂಡ್ತಿ ಕೈಯಾಗ ಕೈ ಇಟ್ಟು ಹೋದನ್ರೀ. ಅಷ್ಟರ ಪುಣ್ಯ ಪಡಕೊಂಡು ಬಂದಿದ್ದ." ಬಂದವರು ಹೌದೆಂದು ತಲೆಯಾಡಿಸಿ, ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಮುದುಕಿ ಆ ಮಾತನ್ನೇ ಉಂಡು, ಆ ಮಾತನ್ನೇ ಹೊದ್ದು ಬದುಕಿದ್ದಳು ಅಂದರೆ ಹೆಚ್ಚಲ್ಲ.

ಆ ಮಾತು ಸುಳ್ಳು. ಹುಟ್ಟಿಸಿದವಳು ಸೊಸೆ ಶಿವಗಂಗಾ. ರಾಯಚೂರಿನ ಆಸ್ಪತ್ರೆಯಲ್ಲಿ ಶರಣಬಸವನ ಉಸಿರು ನಿಂತಾಗ ಅವಳು ಕೋಣೆಯ ಹೊರಗಿದ್ದಳು. ಮಧ್ಯಾಹ್ನ ಬಸ್ಸಿಳಿದು ಓಡಿಬಂದ ಅತ್ತೆ, "ನೀ ಬಾಜೂಕ ಇದ್ದೇನವ್ವಾ?" ಎಂದು ಕೇಳಿದಾಗ ಬಾಯಿ ತಾನಾಗಿಯೇ "ಇದ್ದೆ, ಕೈ ಹಿಡಕೊಂಡಿದ್ದೆ" ಅಂದುಬಿಟ್ಟಿತ್ತು. ಅಂದಿನಿಂದ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖವೂ ಇಲ್ಲ, ನಾಚಿಕೆಯೂ ಇಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೆ ಹೇಗೋ ಹಾಗೆ. ಹೊತ್ತಿಗೆ ಸರಿಯಾಗಿ ಏಳುತ್ತಿದ್ದಳು, ಹಣೆಗೆ ವಿಭೂತಿ ಹಚ್ಚುತ್ತಿದ್ದಳು, ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದಳು.

ಅವಳ ಕೆಲಸ ಹೈದರಾಬಾದಿನ ಒಂದು ಸಣ್ಣ ಕಂಪನಿಯದು. ದೊಡ್ಡ ದೊಡ್ಡ ಡಿಸ್ಕುಗಳಲ್ಲಿ ಮಾಹಿತಿಯನ್ನು ಎಲ್ಲಿ, ಯಾವ ಕ್ರಮದಲ್ಲಿ ಬರೆಯಬೇಕೆಂದು ನೋಡಿಕೊಳ್ಳುವ ಫೈಲ್ ಸಿಸ್ಟಮ್ ಅವರದು. ಹಳೆಯ ಡಿಸ್ಕಾದರೆ ಎಲ್ಲಿ ಬೇಕಾದರೂ ಬರೆಯಬಹುದು, ಅಳಿಸಬಹುದು. ಇವು ಹಾಗಲ್ಲ. ಒಳಗೆಲ್ಲ ಝೋನ್ ಎಂಬ ಪಟ್ಟಿಗಳು. ಒಂದು ಝೋನಿನಲ್ಲಿ ಮೊದಲಿಂದ ಶುರು ಮಾಡಿ ಮುಂದಕ್ಕೇ ಬರೆಯುತ್ತ ಹೋಗಬೇಕು. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದಿನ ತುಂಡು. ಹತ್ತನೆಯದಕ್ಕೆ ಮೊದಲು ಹನ್ನೊಂದನೆಯದು ಬಂತೋ, ಡಿಸ್ಕು ಒಲ್ಲೆ ಅನ್ನುತ್ತದೆ. ನಡುವಿನದೊಂದನ್ನು ತಿದ್ದಬೇಕೆಂದರೆ ಇಡೀ ಝೋನ್ ಒರೆಸಿ ಮತ್ತೆ ಮೊದಲಿಂದ. ಅಂಥ ಹಟಮಾರಿ ವಸ್ತು. ಅದಕ್ಕೇ ಬರೆಯುವವರು ಒಬ್ಬರ ಮೇಲೊಬ್ಬರು ಬೀಳದಂತೆ ಲಾಕ್ ಇರುತ್ತದೆ. ಲಾಕ್ ಹಿಡಿದವನು ಮುಂದೆ, ಮಿಕ್ಕವರು ಕಾಯಬೇಕು.

ಆಗಸ್ಟ್ ಕೊನೆಗೆ ಗಿರಾಕಿಗಳಿಗೆ ಹೊಸ ಆವೃತ್ತಿ ಹೋಯಿತು. ವಾರದೊಳಗೆ ಒಬ್ಬ ಗಿರಾಕಿಯ ಮೂರು ಡಿಸ್ಕುಗಳು ಬರೆಸಿಕೊಳ್ಳುವುದನ್ನೇ ನಿಲ್ಲಿಸಿದವು. ಆ ಆವೃತ್ತಿಯಲ್ಲಿ ಹೊಸದಾಗಿದ್ದದ್ದು ಶಿರಿಷಾಳ ಕೆಲಸ. ಗದ್ವಾಲ್ ದಾಟಿ ಐಜದ ಹುಡುಗಿ. ಸೇರಿ ನಾಲ್ಕು ತಿಂಗಳು, ಇನ್ನೂ ಕಾಯಂ ಆಗಿರಲಿಲ್ಲ. ಮೊದಲು ಪ್ರೋಗ್ರಾಮಿನ ಒಂದೇ ಕೈ ಬರೆಯುತ್ತಿದ್ದಲ್ಲಿ ನಾಲ್ಕು ಕೈ ಒಟ್ಟಿಗೆ ಬರೆಯುವಂತೆ ಮಾಡಿದ್ದಳು, ಅದೂ ಮೇಲಿನವರು ಹೇಳಿದ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಊರಲ್ಲೂ ಉಂಟು, ಕಂಪನಿಯಲ್ಲೂ ಉಂಟು. ಸೋಮವಾರ ಅವಳನ್ನು ತೆಗೆಯುತ್ತೇವೆಂದು ತಂಡದ ಮುಖ್ಯಸ್ಥ ಗೋಪಾಲ್ ಶುಕ್ರವಾರದ ವಿಡಿಯೋ ಸಭೆಯಲ್ಲಿ ಹೇಳಿದ. ಗೋಪಾಲ್ ನಾರಾಯಣಪೇಟೆಯವನು, ಕೆಟ್ಟವನಲ್ಲ. ಗಿರಾಕಿಗೆ ಯಾರದಾದರೂ ಹೆಸರು ಹೇಳಬೇಕಿತ್ತು, ಅಷ್ಟೆ. ಯಾರೂ ತುಟಿ ಬಿಚ್ಚಲಿಲ್ಲ. ಶಿವಗಂಗಾಳೂ ಬಿಚ್ಚಲಿಲ್ಲ.

ಶನಿವಾರ ಬೆಳಗ್ಗೆ ಶಿರಿಷಾ ಅವಳಿಗೆ ಫೋನ್ ಮಾಡಿದಳು.

"ಅಕ್ಕಾ, ನಾ ಲಾಕ್ ಮುಟ್ಟಿಲ್ಲಕ್ಕಾ. ಜೋಗುಳಾಂಬ ತಾಯಿ ಆಣಿ. ನಾಲ್ಕ ಕೈ ಬರದ್ರ ತಪ್ಪೇನೈತಿ? ಲಾಕ್ ಇರೋದ ಅದಕ್ಕಲ್ಲೇನು?"

"ನೋಡ್ತೀನಿ."

"ಮನ್ಯಾಗ ಇನ್ನ ಹೇಳಿಲ್ಲಕ್ಕಾ." ಹುಡುಗಿ ಅಳತೊಡಗಿದಳು. ಶಿವಗಂಗಾ ಫೋನನ್ನು ಕಿವಿಗಿಟ್ಟುಕೊಂಡು, ಅಳು ಮುಗಿಯುವವರೆಗೂ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಳು. ಇಲ್ಲಿ ಸಮಾಧಾನ ಹೇಳಬೇಕು ಎಂದು ತಿಳಿಯಿತು. ಫೋನ್ ಇಟ್ಟಳು.

ಆಮೇಲೆ ಅತ್ತೆಯ ಜಮೀನಿನ ಪಾಸ್‌ಬುಕ್ ಹಿಡಿದು ಗೊಬ್ಬರದ ಅಂಗಡಿಗೆ ಹೋದಳು. ಯೂರಿಯಾ ಲಾರಿ ಬಂದಿತ್ತು. ಅವರ ಮೂರೆಕರೆ ಭತ್ತಕ್ಕೆ ಎರಡು ಚೀಲ ಬೇಕಿತ್ತು. ಅಂಗಡಿಯ ಮುಂದೆ ಮನುಷ್ಯರಿಗಿಂತ ಚಪ್ಪಲಿಗಳೇ ಹೆಚ್ಚು. ಆರು ಗಂಟೆಗೇ ಬಂದವರು ಸಾಲಿನಲ್ಲಿ ಚಪ್ಪಲಿ ಬಿಟ್ಟು, ಬೇವಿನ ನೆರಳಿಗೋ ಚಹಾಕ್ಕೋ ಹೋಗಿದ್ದರು. ಶಿವಗಂಗಾ ತನ್ನದನ್ನೂ ಸಾಲಿಗೆ ಬಿಟ್ಟು ಬರಿಗಾಲಲ್ಲಿ ನೆರಳಿಗೆ ನಿಂತಳು.

ಅಂಗಡಿಯವನು ಶಟರ್ ಎತ್ತಿದ. ಹಿಂದಿನ ದಿನ ಸಾಲು ತಪ್ಪಿ ಹೊಡೆದಾಟವಾಗಿದ್ದರಿಂದ, ಇವತ್ತು ಒಬ್ಬನನ್ನು ಬಿಟ್ಟು ಇನ್ನೊಬ್ಬನಿಗೆ ಚೀಟಿ ಕೊಡುವುದಿಲ್ಲವೆಂದು ಅವನ ಹಟ. ಮೊದಲಿನ ಮೂವರಿಗೆ ಸಿಕ್ಕಿತು. ನಾಲ್ಕನೆಯ ಜೋಡು ಗುಂಡುಮಾಲ್ ಕಡೆಯ ನಾಗಪ್ಪನದು, ನಾಗಪ್ಪ ಚಹಾದಂಗಡಿಯಲ್ಲಿ. ಐದನೆಯವನು ಮುಂದೆ ಬಂದು ಕೈ ಚಾಚಿದ. "ನಿನ್ನ ಪಾಳಿ ಅಲ್ಲ," ಅಂದ ಅಂಗಡಿಯವನು. "ನಾಲ್ಕನೇದ್ದು ಜೋಡು ಐತಿ, ಮನಷಾ ಎಲ್ಲಿ?" ಹಿಂದಿನವರು ನೂಕಿದರು, ಬೈಗುಳ ಹಾರಾಡಿದವು, ಅಂಗಡಿಯವನು ಸಿಟ್ಟಿಗೆದ್ದು ದಡಾರನೆ ಶಟರ್ ಎಳೆದ. ನಾಗಪ್ಪ ಬಾಯಿ ಒರೆಸಿಕೊಳ್ಳುತ್ತ ಓಡಿಬಂದು, "ನನ್ನ ಜಾಗ ನಾ ಹಿಡದಿದ್ನಲ್ರೋ!" ಎಂದು ಕೂಗಿದ.

ಹಿಡಿದಿದ್ದು ನಿಜ. ಹಿಡಿದು ಹೋಗಿಬಿಟ್ಟಿದ್ದ.

ಶಿವಗಂಗಾ ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆದಳು. ಲ್ಯಾಪ್‌ಟಾಪ್ ತೆರೆದು, ಜನವರಿಯಿಂದ ತಾನು ಕಣ್ಣೆತ್ತಿಯೂ ನೋಡದಿದ್ದ ಲಾಕಿನ ಕೋಡಿನ ಪುಟಕ್ಕೆ ಹೋದಳು. ಅಲ್ಲಿತ್ತು. ಲಾಕ್ ಹಿಡಿಯುವುದು, ಝೋನಿನಲ್ಲಿ ಮುಂದಿನ ಜಾಗ ಗೊತ್ತುಮಾಡುವುದು, ಅಲ್ಲಿಗೇ ಲಾಕ್ ಬಿಟ್ಟುಬಿಡುವುದು. ಬರೆಯಬೇಕಾದ್ದನ್ನು ಡಿಸ್ಕಿಗೆ ಒಪ್ಪಿಸುವುದು ಅದಾದ ಮೇಲೆ. ಆ ನಡುವಿನ ರೆಪ್ಪೆ ಮಿಟುಕಿನಲ್ಲಿ ಹಿಂದೆ ನಿಂತವನು ಮೊದಲು ಡಿಸ್ಕು ತಲುಪಿದರೆ ಕೆಲಸ ಕೆಟ್ಟಿತು. ಒಂದೇ ಕೈ ಬರೆಯುತ್ತಿದ್ದಾಗ ನೂಕಲು ಯಾರೂ ಇರಲಿಲ್ಲ, ತಪ್ಪು ತಿಂಗಳುಗಟ್ಟಲೆ ಅಡಗಿ ಕೂತಿತ್ತು. ನಾಲ್ಕು ಕೈ ಬಂದದ್ದೇ ಹೊರಬಿತ್ತು. ಡಿಸ್ಕಿಗೆ ಒಪ್ಪಿಸುವವರೆಗೂ ಲಾಕ್ ಬಿಡದಿದ್ದರೆ ಸಾಕಿತ್ತು. ಎರಡು ಸಾಲಿನ ಕೆಲಸ.

ಆ ಸಾಲುಗಳನ್ನು ಬರೆದವರು ಯಾರೆಂಬುದು ಒಂದು ಕೀಲಿ ಒತ್ತಿದರೆ ತಿಳಿಯುತ್ತದೆ. ಒತ್ತಿದಳು. ಅವಳದೇ ಹೆಸರು. ಜನವರಿ ಒಂಬತ್ತು, ಬೆಳಗ್ಗೆ ಹನ್ನೊಂದು ಮೂವತ್ತೆರಡು. ಶರಣಬಸವನ ಮರಣಪತ್ರದಲ್ಲಿ ಅದೇ ದಿನ, ಹನ್ನೊಂದು ಇಪ್ಪತ್ತೈದು.

ಆ ದಿನ ಗಂಡನ ಮಂಚದ ಪಕ್ಕದ ಕುರ್ಚಿಯ ಮೇಲೆ ತನ್ನ ಬ್ಯಾಗ್ ಇಟ್ಟು, "ಹತ್ತ ನಿಮಿಷ, ಬಂದೆ" ಎಂದು ಹೇಳಿ ವರಾಂಡದ ಬೆಂಚಿಗೆ ಬಂದಿದ್ದಳು. ಜ್ವರ ಇಳಿದಿದೆ ಎಂದು ಡಾಕ್ಟರೇ ಅಂದಿದ್ದರು. ಸಂಜೆಯೊಳಗೆ ಆವೃತ್ತಿ ಹೋಗಬೇಕಿತ್ತು. ಲಾಕ್ ಬೇಗ ಬಿಟ್ಟರೆ ಓದುವವರು ಕಾಯುವುದು ತಪ್ಪಿ ನೂರಕ್ಕೆ ನಾಲ್ಕು ಪಾಲು ವೇಗ ಹೆಚ್ಚುತ್ತದೆಂದು ಬರೆಯತೊಡಗಿದಳು. ನರ್ಸ್ ಬಂದು ಭುಜ ಮುಟ್ಟಿದಾಗ, ತಲೆಯೆತ್ತದೆ "ಒಂದ ನಿಮಿಷ" ಅಂದಿದ್ದಳು. ಬರೆದದ್ದನ್ನು ಕಳಿಸಿ, ಲ್ಯಾಪ್‌ಟಾಪ್ ಮುಚ್ಚಿ, ಆಮೇಲೆ ನರ್ಸಿನ ಮುಖ ನೋಡಿದ್ದಳು.

ಈಗ ಸದ್ದಿಲ್ಲದೆ ತಿದ್ದಿ ಕಳಿಸಬಹುದಿತ್ತು. ಡಿಸ್ಕು ಸರಿಹೋಗುತ್ತಿತ್ತು, ಶಿರಿಷಾ ಕೆಲಸ ಕಳೆದುಕೊಳ್ಳುತ್ತಿದ್ದಳು. ತನ್ನದೆಂದು ಒಪ್ಪಿಕೊಂಡರೆ ಹಳೆಯ ಸಾಲು ತೋರಿಸಬೇಕು, ಸಾಲಿನ ಜೊತೆ ತಾರೀಖು, ಗಂಟೆ ಎಲ್ಲ ಕಾಣುತ್ತದೆ. ಮಣ್ಣಿಗೆ ಬಂದಿದ್ದ ಗೋಪಾಲನಿಗೆ ಅತ್ತೆ ಆ ಮಾತನ್ನು ಎರಡು ಸಲ ಹೇಳಿದ್ದಳು. ಶಿವಗಂಗಾ ಕೈಗಳನ್ನು ಮಡಿಲಲ್ಲಿಟ್ಟು ಕೂತಳು. ಹೆದರಿಕೆಯಾಗುತ್ತದೇನೋ ಎಂದು ಕಾದಳು, ಆಗಲಿಲ್ಲ. ಶಿರಿಷಾಳ ಅಳು ಮಾತ್ರ ಇನ್ನೂ ಕಿವಿಯಲ್ಲಿತ್ತು. "ತಪ್ಪು ನನ್ನದು, ಶಿರಿಷಾಳದಲ್ಲ" ಎಂದು ಬರೆದು, ಹಳೆಯ ಸಾಲು, ತಿದ್ದಿದ ಸಾಲು ಎರಡನ್ನೂ ತಾರೀಖು ಸಮೇತ ತಂಡದ ಎಲ್ಲರಿಗೂ ಕಳಿಸಿದಳು.

ಅರ್ಧ ಗಂಟೆಗೆ ಗೋಪಾಲ್ ಫೋನ್ ಮಾಡಿದ. ಶಿವಗಂಗಾ ಆಗ ಪಡಸಾಲೆಯಲ್ಲಿದ್ದಳು. ಎದುರಿಗೆ ಶಂಕ್ರಮ್ಮ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು.

"ನೋಡಿದೆ ಶಿವಗಂಗಾ," ಅಂದ. "ಆವತ್ತ ಅದನ್ನ ನೆಟ್ಟಗ ಓದದ ಪಾಸ್ ಮಾಡಿದಾಂವ ನಾನ. ನಂದೂ ತಪ್ಪೈತಿ. ಆದ್ರ ಒಂದ ಮಾತ. ತಾರೀಖ ತಗದು ಬ್ಯಾರೆ ಕಳಸು. ಅದು ಆ ದಿನದ್ದು... ನೀ ಒಳಗ ಅವರ ಕೈ ಹಿಡಕೊಂಡು ಕೂತಿದ್ದಿ ಅಂತ ಅಮ್ಮಾರು ಹೇಳಿದ್ರಲ್ಲ? ಮಂದಿ ಏನಂದಾರು?"

ಎದ್ದು ಒಳಕೋಣೆಗೆ ಹೋಗಬಹುದಿತ್ತು. ನಾಲ್ಕೇ ಹೆಜ್ಜೆ. ಹೋಗಲಿಲ್ಲ, ದನಿಯನ್ನೂ ಇಳಿಸಲಿಲ್ಲ.

"ಕೂತಿರಲಿಲ್ಲ. ಅವರ ಜೀವ ಹೋದಾಗ ನಾ ಹೊರಗ ಬೆಂಚಿನ ಮ್ಯಾಲೆ ಇದನ್ನ ಬರಕೋತ ಕೂತಿದ್ದೆ. ತಾರೀಖ ಹಂಗ ಇರಲಿ. ಶಿರಿಷಾಗ ಇವತ್ತ ಫೋನ್ ಮಾಡು, ಸೋಮವಾರದತನಕ ಕಾಯಸಬ್ಯಾಡ."

"ಮಾಡ್ತೀನಿ," ಅಂದ ಗೋಪಾಲ್.

ಮೊರದಲ್ಲಿ ಶಂಕ್ರಮ್ಮನ ಬೆರಳು ನಿಂತಿತ್ತು.

"ಒಬ್ಬನ ಹೋದನೇನು?" ಎಂದು ಕೇಳಿದಳು.

"ನರ್ಸ್ ಇದ್ಲು. ಅನ್ನಮ್ಮ ಅಂತ."

"ಆಕಿ ಕೈ ಹಿಡದಿದ್ಲೇನು?"

"ಗೊತ್ತಿಲ್ಲತ್ತಿ. ನಾ ಕೇಳಲಿಲ್ಲ."

ಶಿವಗಂಗಾ ಬೈಗುಳಕ್ಕೆ ಕಾದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಶಂಕ್ರಮ್ಮ ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು, ಮೊರವನ್ನು ಪಕ್ಕಕ್ಕೆ ಸರಿಸಿದಳು, ಮತ್ತೆ ಎಳೆದುಕೊಂಡಳು. "ನಾ ಬಸ್ಸಿನ್ಯಾಗಿದ್ದೆ," ಎಂದಳು ತನ್ನಷ್ಟಕ್ಕೆ. "ಕೃಷ್ಣಾ ಸೇತುವಿ ಮ್ಯಾಲೆ ಗಾಡಿ ನಿಂತಿತ್ತು." ಎಂಟು ತಿಂಗಳಲ್ಲಿ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಅಷ್ಟು ಅವಸರದ್ದು ಏನ್ ಬರೀತಿದ್ದೆವ್ವಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ತಿಳಿಯಬೇಕಿತ್ತು. ಶಿವಗಂಗಾ ಹೇಳಿದಳು. ಬರೆಯುವವರು ಒಬ್ಬರ ಹಿಂದೊಬ್ಬರು ಬರಬೇಕು, ಜಾಗ ಹಿಡಿದವನು ಕೆಲಸ ಮುಗಿಯುವವರೆಗೂ ಅಲ್ಲೇ ಇರಬೇಕು, ಅದನ್ನು ನೋಡಿಕೊಳ್ಳುವ ಸಾಲುಗಳು ಅವು ಎಂದಳು. ಹೇಳುತ್ತ ಹೇಳುತ್ತ ಜೋಮು ಬಿಡುವ ಕಾಲಿನ ಹಾಗೆ ಎದೆಯಲ್ಲಿ ಎಲ್ಲೋ ನೋಯತೊಡಗಿತ್ತು.

ಮುದುಕಿ ಪೂರ್ತಿ ಕೇಳಿದಳು.

"ನನ್ನ ಮಗನ್ನ ಬಿಟ್ಟು ಹೊರಗ ಕೂತು ಬರದಿ. ಹೋಗ್ಲಿ. ಅದನ್ನಾದ್ರೂ ನೆಟ್ಟಗ ಬರದಿದ್ದೇನು?"

"ಇಲ್ಲತ್ತಿ," ಅಂದಳು ಶಿವಗಂಗಾ. "ಅದೂ ತಪ್ಪ ಬರದಿದ್ದೆ."